ಮಾಜಿವಾಡಾದ ಕೇಳುಗರೂ ಎರಡು ಊರುಗಳ ಆಕಾಶವಾಣಿಯೂ

ಮುಂಬಯಿಯಿಂದ ಬರುವ ಪೂರ್ವ ಹೆದ್ದಾರಿಯೂ ನಾಸಿಕದ ಕಡೆಗೆ ಹೊರಡುವ ರಾಜಮಾರ್ಗವೂ ಘೋಡ್‌ಬಂದರ್ ರಸ್ತೆಯೂ ಬಂದು ಕೂಡುವ ಮಾಜಿವಾಡಾ, ಒಂದು ಕಾಲಕ್ಕೆ ಥಾಣೆಯ ಅಂಚಿನ ಗ್ರಾಮವಾಗಿದ್ದು, ಈಗ ಮುಗಿಲೆತ್ತರದ ಸೌಧಗಳ ನಡುವೆ ತನ್ನ ಹಳೆಯ ಗಾವಠಾಣದ ಓಣಿಗಳನ್ನು ಹೇಗೋ ಉಳಿಸಿಕೊಂಡು ಬಂದಿರುವ ಬಡಾವಣೆ. ಉಡುಪಿ, ಮಂಗಳೂರುಗಳ ಕಡೆಯಿಂದ ಹೋಟೆಲು ನಡೆಸಲು ಬಂದವರು, ಧಾರವಾಡ, ಬೆಳಗಾವಿಗಳಿಂದ ಕಾರ್ಖಾನೆ ಕಚೇರಿಗಳ ಕೆಲಸಕ್ಕೆ ಬಂದು ಇಲ್ಲಿಯೇ ನಿವೃತ್ತರಾದವರು, ಕಲಬುರಗಿ, ವಿಜಯಪುರಗಳಿಂದ ಕಟ್ಟಡದ ಕೂಲಿಗಾಗಿ ಸಂಸಾರಸಹಿತ ಬಂದವರು, ಹೀಗೆ ನಾನಾ ಬಗೆಯ ಕನ್ನಡಿಗರು ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವಂತೆಯೇ ಇಲ್ಲಿಯೂ ನೆಲೆಸಿದ್ದಾರೆ. ಇವರೊಡನೆ ಆಕಾಶವಾಣಿಯ ಮಾತೆತ್ತಿದರೆ ಅಭಿಪ್ರಾಯಗಳಿಗೆ ಬರವಿಲ್ಲ. ಆ ಅಭಿಪ್ರಾಯ ಯಾರಿಗೆ ಮುಟ್ಟಬೇಕು, ಹೇಗೆ ಮುಟ್ಟಬೇಕು ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗದ ಪ್ರಶ್ನೆ.

ವೃದ್ಧರು ಬಹುಮಟ್ಟಿಗೆ ಪ್ರಾತಃಕಾಲದ ಶ್ರೋತೃಗಳು. ‘ಚಿಂತನ’ದ ಕೆಲವು ನಿಮಿಷಗಳು, ಭಕ್ತಿಗೀತೆ, ವಾರ್ತೆ, ಇಷ್ಟು ಸಾಂಗವಾಗಿ ನಡೆದರೆ ದಿನ ಹದವಾಗಿ ಆರಂಭವಾಯಿತೆಂದು ಅವರ ಭಾವನೆ, ಅವರ ಆಕ್ಷೇಪವೆಲ್ಲ ಹೊಸ ಉದ್ಘೋಷಕರ ಅಲ್ಪಪ್ರಾಣ ಮಹಾಪ್ರಾಣಗಳ ಅವಿವೇಚನೆಯ ಮೇಲೂ ಕಾರ್ಯಕ್ರಮದ ನಡುವೆಯೇ ಸಮಯ ಮುಗಿಯಿತೆಂದು ಗಾಯಕನ ತಾನವನ್ನು ಕತ್ತರಿಸುವ ಅವಸರದ ಮೇಲೂ. ಕರಾವಳಿಯಿಂದ ಬಂದವರಿಗೆ ಮಂಗಳೂರು ನಿಲಯದ ಯಕ್ಷಗಾನ, ತಾಳಮದ್ದಲೆಗಳು ಬೇಕು, ತುಳುವಿನ ಮಾತು ಬೇಕು. ಗೃಹಿಣಿಯರಲ್ಲಿ ಅನೇಕರು ಹಿಂದಿನ ರೇಡಿಯೋ ನಾಟಕಗಳನ್ನು ಸ್ಮರಿಸುತ್ತಾರೆ. ಮಧ್ಯಾಹ್ನದ ಬಿಡುವಿನಲ್ಲಿ ಪಾತ್ರಗಳ ಮುಖವನ್ನು ತಾವೇ ಕಲ್ಪಿಸಿಕೊಳ್ಳುತ್ತ ಕೇಳಿದ ಆ ಸುಖವನ್ನು ದೂರದರ್ಶನದ ಧಾರಾವಾಹಿಗಳು ಕೊಡಲಿಲ್ಲವೆಂಬುದು ಅವರ ನಿಶ್ಚಿತಾಭಿಪ್ರಾಯ. ತರುಣರು ಚಿತ್ರಗೀತೆಗಳನ್ನು ಬಯಸುತ್ತಾರೆಂಬುದು ಹೊಸದಲ್ಲ. ಊರಿನ ಮಳೆಬೆಳೆಯ ಸುದ್ದಿಯನ್ನು ಕೃಷಿಕಾರ್ಯಕ್ರಮದಿಂದಲೇ ತಿಳಿಯಬಯಸುವ ಕೂಲಿಕಾರರು ಇಲ್ಲಿರುವರೆಂಬುದನ್ನು ಮಾತ್ರ ನಾನು ನಿರೀಕ್ಷಿಸಿರಲಿಲ್ಲ. ಬಿತ್ತಿದ ತೊಗರಿ ಏನಾಯಿತೆಂಬ ಚಿಂತೆ ಹದಿನೈದನೆಯ ಅಂತಸ್ತಿನ ಸಾರುವೆಯ ಮೇಲೆ ನಿಂತವನನ್ನೂ ಬಿಡುವುದಿಲ್ಲ.

ಈ ಶ್ರೋತೃವಿಗೆ ಸ್ಥಳೀಯ ನಿಲಯಗಳು ಎರಡು. ದೇಹ ಇರುವ ಊರಿನದು ಒಂದು, ಮಾತು ಹುಟ್ಟಿದ ಊರಿನದು ಇನ್ನೊಂದು. ಮುಂಬಯಿ ಆಕಾಶವಾಣಿಯ ಅಸ್ಮಿತಾ ವಾಹಿನಿ ಮರಾಠಿಯಲ್ಲಿ ಮಾತನಾಡುತ್ತದೆ. ಮಹಾರಾಷ್ಟ್ರದ ನೆಲದಲ್ಲಿ ಅದು ನ್ಯಾಯವೇ ಸರಿ, ಅದರ ಬಗ್ಗೆ ಯಾವ ಕನ್ನಡಿಗನೂ ಅಸಮಾಧಾನಪಡಬೇಕಾದುದಿಲ್ಲ. ಲೋಕಲ್ ರೈಲು ನಿಂತಿತೆ, ಖಾಡಿಯ ನೀರು ಏರಿತೆ, ನಾಳೆ ಶಾಲೆಗೆ ರಜೆಯುಂಟೆ, ಇವೆಲ್ಲ ತಿಳಿಯಬೇಕಾದುದು ಮುಂಬಯಿ ನಿಲಯದಿಂದಲೇ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು, ವಿದ್ಯುತ್ತೂ ದೂರವಾಣಿಯೂ ಕೈಕೊಟ್ಟ ಪ್ರದೇಶಗಳಲ್ಲಿ, ಸೆಲ್ ಹಾಕಿದ ಪುಟ್ಟ ರೇಡಿಯೋಕ್ಕಿಂತ ನೆಚ್ಚಬಹುದಾದ ಬಂಧು ಬೇರೆ ಯಾವುದಿತ್ತು? ಆದರೆ ಮನಸ್ಸಿನ ಹಸಿವು ಬೇರೆ. ಅದನ್ನು ತಣಿಸಲು ಈತ ಧಾರವಾಡಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ಕಿವಿಗೊಡುತ್ತಾನೆ.

ಕಿವಿಗೊಡುವ ಬಗೆಯೂ ಕಾಲಕ್ರಮದಲ್ಲಿ ಬದಲಾಗಿದೆ. ಮಧ್ಯಮ ತರಂಗಗಳನ್ನು ಹಗಲಿನಲ್ಲಿ ವಾಯುಮಂಡಲದ ಮೇಲಣ ವಿದ್ಯುದಾವಿಷ್ಟ ಪದರಗಳಲ್ಲಿ ಕೆಳಗಿನದು ಹೀರಿಬಿಡುವುದರಿಂದ ಅವು ನೆಲದ ಗುಂಟ ಸ್ವಲ್ಪ ದೂರ ಮಾತ್ರ ಚಲಿಸಬಲ್ಲವು; ಸೂರ್ಯಾಸ್ತವಾದ ಮೇಲೆ ಆ ಪದರ ಕರಗಿ, ಮೇಲಿನ ಪದರಕ್ಕೆ ತಾಗಿದ ತರಂಗಗಳು ಪ್ರತಿಫಲಿಸಿ ನೂರಾರು ಕಿಲೋಮೀಟರುಗಳಾಚೆ ಇಳಿಯುತ್ತವೆ. ನಾನ್ನೂರೈವತ್ತು ಕಿಲೋಮೀಟರುಗಳಿಗೂ ದೂರದ ಧಾರವಾಡದ 765 ಕಿಲೋಹರ್ಟ್ಸ್ ಧ್ವನಿ ರಾತ್ರಿಯ ಹೊತ್ತು ಥಾಣೆಯಲ್ಲಿ ಏಳುತ್ತ ಬೀಳುತ್ತ ಕೇಳಿಬರುತ್ತಿದ್ದುದರ ಕಾರಣ ಇದು. ಈಗ ಲಿಫ್ಟಿನ ಮೋಟಾರು, ಎಲ್‌ಇಡಿ ದೀಪ, ಮೊಬೈಲು ಚಾರ್ಜರುಗಳ ಗದ್ದಲದಲ್ಲಿ ಆ ದುರ್ಬಲ ತರಂಗ ಮುಳುಗಿಹೋಗುತ್ತದೆ. ಅದರ ಬದಲಿಗೆ ಪ್ರಸಾರ ಭಾರತಿಯ ‘ನ್ಯೂಸ್ ಆನ್ ಏರ್’ ಆ್ಯಪ್ ಕೈಗೆ ಬಂದು, ಧಾರವಾಡವೂ ಮಂಗಳೂರೂ ಹಗಲು ರಾತ್ರಿಯೆನ್ನದೆ ನಿರ್ಮಲವಾಗಿ ಕೇಳಿಸುವಂತಾಗಿದೆ. ಗುಂಡಿ ತಿರುಗಿಸಿ ಅಭ್ಯಾಸವಿದ್ದ ಹಿರಿಯರಿಗೆ ಮೊಮ್ಮಕ್ಕಳ ನೆರವು ಬೇಕಾಯಿತೆಂಬುದಷ್ಟೇ ಕೊರತೆ.

ಕೇಳುವವನ ಮನಸ್ಸಿಗೂ ಪ್ರಸಾರಕ್ಕೂ ಇರುವ ಸಂಬಂಧವನ್ನು ನೆನೆಯುವಾಗ ಕನ್ನಡಿಗರಿಗೆ ಹೆಮ್ಮೆಯ ಸಂಗತಿಯೊಂದುಂಟು. ಭಾರತದ ಕ್ರಮಬದ್ಧ ಪ್ರಸಾರ 1927ರ ಜುಲೈ 23ರಂದು ಮುಂಬಯಿಯಲ್ಲಿಯೇ, ಒಂದು ಖಾಸಗಿ ಕಂಪನಿಯ ಸಾಹಸವಾಗಿ ಮೊದಲಾಯಿತು. ಮೂರು ವರ್ಷಗಳೊಳಗೆ ಕಂಪನಿ ಮುಳುಗಿ ಸರ್ಕಾರ ಅದನ್ನು ವಹಿಸಿಕೊಳ್ಳಬೇಕಾಯಿತು. ಆದರೆ 1935ರಲ್ಲಿ ಮೈಸೂರಿನಲ್ಲಿ ತಮ್ಮ ಸ್ವಂತ ಮನೆಯಿಂದ ಪ್ರಸಾರ ಆರಂಭಿಸಿ, ಮುಂದೆ ದೇಶಕ್ಕೇ ಸಂದ ‘ಆಕಾಶವಾಣಿ’ಯೆಂಬ ಹೆಸರಿನಲ್ಲಿ ಅದನ್ನು ನಡೆಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ವ್ಯಾಪಾರಿಯೂ ಅಲ್ಲ, ಅಧಿಕಾರಿಯೂ ಅಲ್ಲ. ವಿಶ್ವವಿದ್ಯಾಲಯದ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳಿಗೆ ತಮ್ಮದೇ ನಿಲಯ ದೊರೆತುದು 1950ರ ಜನವರಿ 8ರಂದು, ಧಾರವಾಡದಲ್ಲಿ. ಆ ಜಿಲ್ಲೆಗಳು ಆಗ ಮುಂಬಯಿ ರಾಜ್ಯದ ಭಾಗವೇ ಆಗಿದ್ದುವಾದುದರಿಂದ, ಧಾರವಾಡದ ದನಿಗೂ ಥಾಣೆಯ ಕನ್ನಡಿಗನಿಗೂ ಹಳೆಯ ಆಡಳಿತಬಂಧುತ್ವವೂ ಉಂಟು.

ಕೇಳುಗನ ಅಭಿಪ್ರಾಯವನ್ನು ಕಡೆಗಣಿಸಿದರೆ ಏನಾಗುವುದೆಂಬುದಕ್ಕೆ ನಮ್ಮ ದೇಶದ ಅತ್ಯಂತ ಸ್ಫುಟವಾದ ನಿದರ್ಶನವೂ ಮುಂಬಯಿಗೆ ಸಂಬಂಧಿಸಿದುದೇ. 1952ರಲ್ಲಿ ಪ್ರಸಾರಖಾತೆಯ ಸಚಿವರಾದ ಬಿ. ವಿ. ಕೇಸ್ಕರರು, ಶಾಸ್ತ್ರೀಯ ಸಂಗೀತದ ಮೇಲಣ ನಿಷ್ಠೆಯಿಂದ, ಚಿತ್ರಗೀತೆಗಳನ್ನು ಆಕಾಶವಾಣಿಯಿಂದ ಬಹುಮಟ್ಟಿಗೆ ದೂರವಿಟ್ಟರು. ಅವರ ಉದ್ದೇಶ ಉದಾತ್ತವಾದುದೆಂದು ನಾನು ನಂಬುತ್ತೇನೆ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲರಂಥವರ ಗಾನ ಸಾಮಾನ್ಯ ಮನೆಗಳನ್ನು ಮುಟ್ಟಿದುದು ಆಕಾಶವಾಣಿಯ ಶಾಸ್ತ್ರೀಯ ಸಂಗೀತನಿಷ್ಠೆಯಿಂದಲೇ ಅಲ್ಲವೆ? ಆದರೆ ಕೇಳುಗರು ಸಭೆ ಸೇರಲಿಲ್ಲ, ಮನವಿ ಸಲ್ಲಿಸಲಿಲ್ಲ. ಸುಮ್ಮನೆ ಮುಳ್ಳನ್ನು ಸಿಲೋನ್ ರೇಡಿಯೋದ ಕಡೆಗೆ ಹೊರಳಿಸಿದರು. ಮುಂಬಯಿಯಲ್ಲಿ ಧ್ವನಿಮುದ್ರಿತವಾಗಿ ಕೊಲಂಬೋದಿಂದ ಪ್ರಸಾರವಾಗುತ್ತಿದ್ದ ಅಮೀನ್ ಸಯಾನಿಯವರ ‘ಬಿನಾಕಾ ಗೀತ್‌ಮಾಲಾ’ಕ್ಕೆ ಪತ್ರಗಳ ಮಹಾಪೂರವೇ ಹರಿಯಿತು; ಯಾವ ಗೀತೆ ಎಷ್ಟನೆಯ ಸ್ಥಾನದಲ್ಲಿರಬೇಕೆಂಬುದನ್ನು ನಿರ್ಧರಿಸುವಾಗ ಧ್ವನಿಮುದ್ರಿಕೆಗಳ ಮಾರಾಟದೊಡನೆ ಊರೂರಿನ ಶ್ರೋತೃಸಂಘಗಳ ಅಭಿಮತಕ್ಕೂ ಮನ್ನಣೆ ದೊರೆಯಿತು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಜನಿಸಿದುದು ಈ ಮೌನನಿರ್ಗಮನಕ್ಕೆ ಸರ್ಕಾರ ಕೊಟ್ಟ ಉತ್ತರ. ಐದು ವರ್ಷ ತಡವಾದ ಉತ್ತರ, ಆದರೂ ಉತ್ತರ.

ಹಾಗೆಂದು, ಎಷ್ಟು ಮಂದಿ ಕೇಳುತ್ತಾರೆಂಬ ಲೆಕ್ಕವೇ ಅಭಿಪ್ರಾಯವೆಂದು ಭಾವಿಸುವುದು ಇನ್ನೊಂದು ಬಗೆಯ ಅಪಚಾರ. ಬಿಬಿಸಿ 1936ರಲ್ಲಿ ಶ್ರೋತೃಸಂಶೋಧನೆಯ ವಿಭಾಗವನ್ನು ತೆರೆದಾಗ ಅದನ್ನು ಕಟ್ಟಿ ಬೆಳೆಸಿದ ರಾಬರ್ಟ್ ಸಿಲ್ವಿ, ಕೇಳಿದವರ ಸಂಖ್ಯೆಯನ್ನು ಎಣಿಸಿ ತೃಪ್ತರಾಗದೆ, ಕೇಳಿದವರು ಕಾರ್ಯಕ್ರಮವನ್ನು ಎಷ್ಟು ಮೆಚ್ಚಿದರೆಂಬುದನ್ನು ಬೇರೆಯಾಗಿಯೇ ಅಳೆಯುವ ಪದ್ಧತಿಯನ್ನು ರೂಢಿಗೆ ತಂದರು. ಕಡಿಮೆ ಜನ ಕೇಳಿ ಗಾಢವಾಗಿ ಮೆಚ್ಚಿದ ಕಾರ್ಯಕ್ರಮವೂ, ಲಕ್ಷಾಂತರ ಜನ ಅನ್ಯಮನಸ್ಕರಾಗಿ ಕೇಳಿ ಮರೆತ ಕಾರ್ಯಕ್ರಮವೂ ಒಂದೇ ತಕ್ಕಡಿಯಲ್ಲಿ ತೂಗತಕ್ಕವಲ್ಲ. ಜಾಹೀರಾತಿನಿಂದ ಬದುಕುವ ಖಾಸಗಿ ಎಫ್‌ಎಂಗೆ ಮೊದಲನೆಯ ಲೆಕ್ಕ ಸಾಕಾಗಬಹುದು. ಸಾರ್ವಜನಿಕ ಪ್ರಸಾರಕ್ಕೆ ಸಾಲದು. ಥಾಣೆಯ ಕನ್ನಡಿಗರಂಥ ಅಲ್ಪಸಂಖ್ಯೆಯ ಶ್ರೋತೃಗಳು ಆ ಲೆಕ್ಕದಲ್ಲಿ ಎಂದೆಂದಿಗೂ ಕಾಣಿಸಿಕೊಳ್ಳುವುದೇ ಇಲ್ಲ.

ಹಾಗಾದರೆ ಅಲ್ಪಸಂಖ್ಯೆಯವರ ಮಾತು ನಿಲಯಕ್ಕೆ ಮುಟ್ಟುವುದು ಹೇಗೆ? ಅದಕ್ಕೆ ದಾರಿ ತೋರಿದ ಪ್ರಯೋಗವೊಂದು ಸಹ್ಯಾದ್ರಿಯ ಆ ಮಗ್ಗುಲಲ್ಲಿ, ಪುಣೆಯ ನಿಲಯದ ವ್ಯಾಪ್ತಿಯಲ್ಲಿ, 1956ರಲ್ಲಿ ನಡೆಯಿತು. ಯುನೆಸ್ಕೋದ ಸಹಾಯದಿಂದ ಐದು ಜಿಲ್ಲೆಗಳ 150 ಗ್ರಾಮಗಳಲ್ಲಿ ರೇಡಿಯೋ ಕೃಷಿಕೂಟಗಳು ಏರ್ಪಟ್ಟವು. ಒಂದೊಂದು ಕೂಟದಲ್ಲಿ ಸುಮಾರು ಇಪ್ಪತ್ತು ಜನ. ವಾರಕ್ಕೆ ಎರಡು ಬಾರಿ ಒಟ್ಟಿಗೆ ಕುಳಿತು ಅರ್ಧ ಗಂಟೆಯ ಕಾರ್ಯಕ್ರಮವನ್ನು ಕೇಳುವುದು, ಮುಗಿದೊಡನೆ ಚದರದೆ ಅದರ ವಿಷಯವನ್ನು ಚರ್ಚಿಸುವುದು, ತಮಗುಂಟಾದ ಸಂದೇಹಗಳನ್ನೂ ಅಭಿಪ್ರಾಯಗಳನ್ನೂ ನಿಲಯಕ್ಕೆ ಬರೆದು ಕಳುಹಿಸುವುದು. ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯಲ್ಲಿ ಪಾಲ್ ನ್ಯೂರಾತರ ನೇತೃತ್ವದಲ್ಲಿ ಇದರ ಪರಿಶೀಲನೆ ನಡೆದಾಗ, ಕೂಟಗಳಿದ್ದ ಗ್ರಾಮಗಳಲ್ಲಿ ತಿಳಿವಳಿಕೆ, ರೇಡಿಯೋ ಇದ್ದೂ ಕೂಟವಿಲ್ಲದ ಗ್ರಾಮಗಳಲ್ಲಿಗಿಂತ ಬಹಳವಾಗಿ ಹೆಚ್ಚಿದುದು ಕಂಡುಬಂದಿತು. ಪೆಟ್ಟಿಗೆ ಅದೇ, ಧ್ವನಿ ಅದೇ. ಕೇಳುವವರು ಕೂಡಿ ಕುಳಿತದ್ದೊಂದು ವ್ಯತ್ಯಾಸ. ನನ್ನ ಮಟ್ಟಿಗೆ ಹೇಳುವುದಾದರೆ, ಪ್ರಸಾರದ ವಿಷಯದಲ್ಲಿ ಈ ದೇಶದಲ್ಲಿ ನಡೆದ ಇದಕ್ಕಿಂತ ಬೆಲೆಯುಳ್ಳ ಪ್ರಯೋಗವನ್ನು ನಾನರಿಯೆ. ಅದು ಹಳ್ಳಿಯ ಒಕ್ಕಲಿಗರಿಗೆ ಮಾತ್ರ ಮೀಸಲಾಗಿ ಉಳಿದು, ನಗರದ ಭಾಷಾಸಮುದಾಯಗಳಿಗೆ ವಿಸ್ತಾರವಾಗದೆಹೋದುದು ವಿಷಾದಕರ.

ಕೇಳುಗನ ಹಕ್ಕಿನ ಪ್ರಶ್ನೆಯಲ್ಲಿ ಕಾನೂನು ಅವನ ಪಕ್ಷದಲ್ಲಿಯೇ ಇದೆ. ಅಂಚೆಕಚೇರಿಯಲ್ಲಿ ಹಣ ಕಟ್ಟಿ ರೇಡಿಯೋ ಲೈಸೆನ್ಸಿನ ಪುಸ್ತಕಕ್ಕೆ ಮುದ್ರೆ ಹಾಕಿಸುತ್ತಿದ್ದ ದಿನಗಳಲ್ಲಿ ಆ ಹಕ್ಕು ಕೈಗೆ ತಾಗುವಂತಿತ್ತು; ಲೈಸೆನ್ಸು ರದ್ದಾದ ಮೇಲೆ ಅನೇಕರು ಹಕ್ಕೂ ರದ್ದಾಯಿತೆಂದು ಭ್ರಮಿಸಿದಂತಿದೆ. ಆದರೆ ಪ್ರಸಾರತರಂಗಗಳು ಸಾರ್ವಜನಿಕ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ಸ್ಪಷ್ಟವಾಗಿ ಸಾರಿತು. 1990ರಲ್ಲಿ ಅಂಗೀಕೃತವಾಗಿ 1997ರಲ್ಲಿ ಜಾರಿಗೆ ಬಂದ ಪ್ರಸಾರ ಭಾರತಿ ಶಾಸನ, ದೇಶದ ವಿವಿಧ ಪ್ರದೇಶಗಳ ಸಂಸ್ಕೃತಿಗಳಿಗೂ ಭಾಷೆಗಳಿಗೂ ತಕ್ಕಷ್ಟು ಅವಕಾಶ ಕೊಡುವುದನ್ನು ಆ ಸಂಸ್ಥೆಯ ಕರ್ತವ್ಯಗಳಲ್ಲಿ ಒಂದಾಗಿ ಗಣಿಸಿದೆ. ದೂರುಗಳನ್ನು ವಿಚಾರಿಸಲು ಪ್ರಸಾರ ಪರಿಷತ್ತೊಂದು ಇರತಕ್ಕದ್ದೆಂದೂ ವಿಧಿಸಿದೆ. ನಿಲಯಗಳು ಮುಚ್ಚುವವೆಂಬ ವಾರ್ತೆ ಹಬ್ಬಿ ಹಲವೆಡೆ ಕಳವಳವುಂಟಾದಾಗ, 2021ರ ಜನವರಿಯಲ್ಲಿ ಪ್ರಸಾರ ಭಾರತಿ, ಯಾವ ರಾಜ್ಯದಲ್ಲಿಯೂ ಯಾವ ನಿಲಯವನ್ನೂ ಮುಚ್ಚುವುದಿಲ್ಲವೆಂದು ಬಹಿರಂಗವಾಗಿ ಹೇಳಬೇಕಾಯಿತು. ನಿಲಯ ಉಳಿದರೂ ಅದರ ಸ್ವಂತ ಕಾರ್ಯಕ್ರಮಗಳು ಕುಗ್ಗಿ, ಬೇರೆಡೆಯ ಪ್ರಸಾರವನ್ನು ಮರುಪ್ರಸಾರಿಸುವ ಗಂಟೆಗಳು ಹೆಚ್ಚುವುದಾದರೆ ಉಳಿದದ್ದು ಕಟ್ಟಡವೆಷ್ಟು, ನಿಲಯವೆಷ್ಟು ಎಂದು ಕೇಳುವ ಹೊಣೆ ಶ್ರೋತೃಗಳದು. ಧಾರವಾಡದ ದನಿಯಲ್ಲಿ ಧಾರವಾಡದ ಮಾತಿನ ಧಾಟಿ ಇಲ್ಲದಿದ್ದರೆ ಥಾಣೆಯಲ್ಲಿ ಕುಳಿತವನು ಅದನ್ನು ಹುಡುಕಿಕೊಂಡು ಹೋಗುವುದಾದರೂ ಏತಕ್ಕೆ?

ಮುಂಬಯಿಯ ಕನ್ನಡಿಗರಿಗೆ ಸಂಘಟನೆ ಹೊಸತಲ್ಲ. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರದು. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರಿಗೆ ರಾತ್ರಿ ಅಕ್ಷರ ಕಲಿಸಿದ ಕನ್ನಡ ಶಾಲೆಗಳನ್ನು ನಡೆಸಿದುದು ಈ ಸಮಾಜವೇ. ಅಂಥವರಿಗೆ ತಿಂಗಳಿಗೊಂದು ಭಾನುವಾರ ಸೊಸೈಟಿಯ ಸಭಾಗೃಹದಲ್ಲಿ ಇಪ್ಪತ್ತು ಮಂದಿ ಸೇರಿ, ಧಾರವಾಡದ್ದೋ ಮಂಗಳೂರಿನದೋ ಒಂದು ಕಾರ್ಯಕ್ರಮವನ್ನೂ ಅಸ್ಮಿತಾದ ಒಂದು ಕಾರ್ಯಕ್ರಮವನ್ನೂ ಕೂಡಿ ಕೇಳುವುದು ಅಸಾಧ್ಯವೆ? ಕೇಳಿದ ಮೇಲೆ ಬರೆಯುವ ಪತ್ರ ‘ಕಾರ್ಯಕ್ರಮ ಚೆನ್ನಾಗಿತ್ತು’ ಎಂಬ ಸೌಜನ್ಯಕ್ಕೆ ನಿಲ್ಲದೆ, ಯಾವ ದಿನ, ಯಾವ ವೇಳೆ, ಯಾವ ಕಾರ್ಯಕ್ರಮ, ಅದರಲ್ಲಿ ಮನಸ್ಸಿಗೆ ತಟ್ಟಿದುದೇನು, ಕಿವಿಗೆ ಕರ್ಕಶವಾದುದೇನು, ಅದಕ್ಕೆ ಕಾರಣವೇನು ಎಂಬುದನ್ನು ಒಳಗೊಂಡಿದ್ದರೆ, ಕಾರ್ಯಕ್ರಮ ನಿರ್ವಾಹಕನ ಮೇಜಿನ ಮೇಲೆ ಅದಕ್ಕೆ ತೂಕ ಬರುತ್ತದೆ. ಧಾರವಾಡಕ್ಕೆ ಬರೆಯುವುದು ಕನ್ನಡದಲ್ಲಿ. ಮುಂಬಯಿಗೆ ಬರೆಯುವುದು ಮರಾಠಿಯಲ್ಲಿ. ಧಾರವಾಡವನ್ನು, ಕಪಾಟಿನಲ್ಲಿರುವ ಹಳೆಯ ನಾಟಕಗಳನ್ನು ಉದ್ಯೋಗಸ್ಥರು ಮನೆ ಸೇರಿದ ಮೇಲಿನ ವೇಳೆಯಲ್ಲಿ ಮರುಪ್ರಸಾರ ಮಾಡಬೇಕೆಂದೂ, ಹೊರನಾಡಿನಲ್ಲಿ ದುಡಿಯುವವರ ಅನುಭವಗಳಿಗೆ ಆಗೊಮ್ಮೆ ಈಗೊಮ್ಮೆ ಎಡೆ ಕೊಡಬೇಕೆಂದೂ ಕೇಳಬಹುದು. ಮುಂಬಯಿಯನ್ನು ಕೇಳಬೇಕಾದುದು ವಾರಕ್ಕೊಂದು ಅರ್ಧ ಗಂಟೆ: ಥಾಣೆಯಿಂದ ಕಲ್ಯಾಣದವರೆಗಿನ ಕನ್ನಡಿಗರು ಕನ್ನಡದಲ್ಲಿ ಮಾತನಾಡುವ ಅರ್ಧ ಗಂಟೆ. ಮಳೆಗಾಲದ ಮುನ್ನೆಚ್ಚರಿಕೆ, ಆಸ್ಪತ್ರೆಯ ಸೌಲಭ್ಯ, ಕೂಲಿಕಾರರ ಮಕ್ಕಳ ಶಾಲೆಯ ದಾಖಲಾತಿ ಇವನ್ನೂ ಅದರಲ್ಲಿ ಹೇಳಿದರೆ, ಮರಾಠಿಯನ್ನು ಇನ್ನೂ ಕಲಿಯುತ್ತಿರುವ, ನಿನ್ನೆ ಮೊನ್ನೆ ಬಂದ ಸಂಸಾರಕ್ಕೂ ಮುಂಬಯಿ ನಿಲಯ ತನ್ನದಾಗುತ್ತದೆ. ಈ ಕೋರಿಕೆಯ ಕೆಳಗೆ ಹೋಟೆಲಿನ ಯಜಮಾನನ ರುಜುವಿನೊಡನೆ, ಸಾರುವೆಯಿಂದ ಇಳಿದು ಬಂದ ಕೂಲಿಕಾರನ ಹೆಬ್ಬೆಟ್ಟಿನ ಗುರುತೂ ಇರಲಿ.