ಬಸುರಿಗೆ ಕಾಫಿ ಬೇಡವೇ?

ಬಸುರಿ ಎಂದು ಗೊತ್ತಾದ ದಿನದಿಂದಲೇ ಮನೆ ತುಂಬ ಸಲಹೆಗಳ ಸುರಿಮಳೆ. ಪರಂಗಿ ಹಣ್ಣು ತಿನ್ನಬೇಡ, ಭಾರ ಎತ್ತಬೇಡ, ಹೊತ್ತಲ್ಲದ ಹೊತ್ತಲ್ಲಿ ಹೊರಗೆ ಹೋಗಬೇಡ. ಇವನ್ನೆಲ್ಲ ಹೇಗೋ ಪಾಲಿಸಿಬಿಡಬಹುದು. ಆದರೆ 'ಇನ್ನು ಕಾಫಿ ಬಿಟ್ಟುಬಿಡಮ್ಮಾ' ಅಂದಾಗ ಮಾತ್ರ ಎದೆ ಧಸಕ್ಕೆನ್ನುತ್ತದೆ. ಡಿಕಾಕ್ಷನ್ನಿನ ಘಮದಿಂದಲೇ ಬೆಳಗಾಗುವ ಮನೆಗಳಲ್ಲಿ ಇದೇನು ಸಣ್ಣ ಮಾತೇ?

ಇದರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು ಬೇರೆ. ಅತ್ತೆ, 'ನಾನು ಮೂರು ಹೆತ್ತೆ, ದಿನಕ್ಕೆ ಐದು ಲೋಟ ಕುಡೀತಿದ್ದೆ, ಏನಾಯ್ತು?' ಅಂತಾರೆ. ಅಮ್ಮ ಫೋನಿನಲ್ಲಿ, 'ಮುಟ್ಟಲೇಬೇಡ, ಮಗು ಕಪ್ಪಾಗುತ್ತೆ' ಅಂತಾರೆ. ಇವರಿಬ್ಬರ ನಡುವೆ ಸಿಕ್ಕ ಹುಡುಗಿ ಅಡುಗೆಮನೆಯಲ್ಲಿ ಅರ್ಧ ಲೋಟ ಕದ್ದು ಕುಡಿದು, ದಿನವಿಡೀ 'ಮಗುವಿಗೆ ಏನಾದ್ರೂ ಆಗಿಬಿಟ್ರೆ?' ಅಂತ ಕೊರಗುತ್ತಾಳೆ. ಕಪ್ಪಾಗುವ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕಿ. ಮಗುವಿನ ಬಣ್ಣ ಅಪ್ಪ ಅಮ್ಮನ ಕಡೆಯಿಂದ ಬರುವುದೇ ಹೊರತು ಕಾಫಿ ಲೋಟದಿಂದಲ್ಲ. ಇನ್ನುಳಿದದ್ದು ಲೆಕ್ಕಾಚಾರ.

ಒಳಗೆ ಏನಾಗುತ್ತದೆ?

ಕಾಫಿಯಲ್ಲಿ ನಮ್ಮನ್ನು ಚುರುಕುಗೊಳಿಸುವ ವಸ್ತು ಕೆಫೀನ್. ಸಾಮಾನ್ಯವಾಗಿ ನಾವು ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಸುಮಾರು 5 ಗಂಟೆಗಳಲ್ಲಿ ದೇಹದಿಂದ ಕರಗಿಹೋಗುತ್ತದೆ. ಗರ್ಭಿಣಿಯರಲ್ಲಿ ಈ ಕೆಲಸ ನಿಧಾನ. ಕೊನೆಯ ತಿಂಗಳುಗಳಲ್ಲಿ ಇದಕ್ಕೆ 15 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗಬಹುದು. ಅಂದರೆ ಬೆಳಗಿನ ಕಾಫಿಯ ಅರ್ಧ ಪಾಲು ರಾತ್ರಿ ಮಲಗುವಾಗಲೂ ಒಳಗೇ ಇರುತ್ತದೆ. 'ಮೊದಲೆಲ್ಲ ಸಂಜೆ ಕಾಫಿ ಕುಡಿದ್ರೂ ನಿದ್ದೆ ಬರ್ತಿತ್ತು, ಈಗ ಬರಲ್ಲ' ಅನ್ನುವವರಿಗೆ ಕಾರಣ ಇದೂ ಇರಬಹುದು.

ಕೆಫೀನ್ ಮಾಸುವನ್ನು ದಾಟಿ ಮಗುವಿಗೂ ಸೇರುತ್ತದೆ. ಅದನ್ನು ಕರಗಿಸುವ ಶಕ್ತಿ ಮಗುವಿನ ಎಳೆಯ ಪಿತ್ತಜನಕಾಂಗಕ್ಕೆ ಇನ್ನೂ ಬಂದಿರುವುದಿಲ್ಲ. ಅತಿಯಾಗಿ ಕುಡಿಯುವವರಲ್ಲಿ ಗರ್ಭಪಾತ ಮತ್ತು ಕಡಿಮೆ ತೂಕದ ಮಗು ಹುಟ್ಟುವ ಅಪಾಯ ಹೆಚ್ಚು ಎಂದು ಅಧ್ಯಯನಗಳು ಹೇಳುವುದರಿಂದಲೇ ವೈದ್ಯರು ಎಚ್ಚರಿಸುವುದು.

ಹಾಗಾದರೆ ಎಷ್ಟು ಕುಡಿಯಬಹುದು?

ಅಮೆರಿಕದ ಪ್ರಸೂತಿ ತಜ್ಞರ ಸಂಘಟನೆ 2010ರಲ್ಲಿ, ದಿನಕ್ಕೆ 200 ಮಿಲಿಗ್ರಾಂಗಿಂತ ಕಡಿಮೆ ಕೆಫೀನ್ ಗರ್ಭಪಾತಕ್ಕೆ ಅಥವಾ ಅವಧಿಗೆ ಮುಂಚಿನ ಹೆರಿಗೆಗೆ ದೊಡ್ಡ ಕಾರಣವಾಗುವಂತೆ ಕಾಣುವುದಿಲ್ಲ ಎಂದು ಹೇಳಿತು. ಬ್ರಿಟನ್ ಮತ್ತು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಗಳೂ ಗರ್ಭಿಣಿಯರಿಗೆ ಇದೇ 200 ಮಿಲಿಗ್ರಾಂ ಮಿತಿ ಹಾಕಿವೆ. ದಿನಕ್ಕೆ 300 ಮಿಲಿಗ್ರಾಂ ದಾಟುವ ಗರ್ಭಿಣಿಯರು ಕಡಿಮೆ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ತಿಳಿಸಿತು. ಪೂರ್ತಿ ಬಿಡುವುದೇ ಒಳ್ಳೆಯದು ಎಂದು 2020ರಲ್ಲಿ ವಾದಿಸಿದ ಸಂಶೋಧಕರೂ ಇದ್ದಾರೆ. ಹಾಗಾಗಿ 200 ಅನ್ನುವುದು ದಾಟಬಾರದ ಗೆರೆಯೇ ಹೊರತು ಮುಟ್ಟಲೇಬೇಕಾದ ಗುರಿಯಲ್ಲ.

ನಮ್ಮ ಲೋಟದಲ್ಲಿ ಎಷ್ಟಿದೆ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗಸೂಚಿ ಪ್ರಕಾರ 150 ಮಿಲಿಲೀಟರಿನ ಒಂದು ಕಪ್ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ಅಂದರೆ ಎರಡು ಸಣ್ಣ ಕಪ್ ಸ್ಟ್ರಾಂಗ್ ಕಾಫಿಗೇ ದಿನದ ಲೆಕ್ಕ ಮುಗಿಯಿತು! ಇದರ ಮೇಲೆ ಸಂಜೆಯ ಚಹಾ, ಗ್ರೀನ್ ಟೀ, ಕೋಲಾ, ಚಾಕೊಲೇಟ್, ಕೆಲವು ತಲೆನೋವಿನ ಮಾತ್ರೆ, ಎಲ್ಲದರಲ್ಲೂ ಕೆಫೀನ್ ಇದೆ. ನಿಮ್ಮ ಸ್ಟೀಲ್ ಲೋಟಕ್ಕೆ ಎಷ್ಟು ಹಿಡಿಯುತ್ತದೆ ಎಂದು ಒಮ್ಮೆ ನೀರು ತುಂಬಿ ಅಳೆದು ನೋಡಿ. ಒಂದು ಲೋಟ ಅಂದುಕೊಂಡಿದ್ದು ಒಂದೂವರೆ ಕಪ್ ಆಗಿರಬಹುದು.

ಪುಡಿಯೂ ಮುಖ್ಯ. ರೊಬಸ್ಟಾದಲ್ಲಿ ಅರೇಬಿಕಾಗಿಂತ ಸುಮಾರು ಎರಡು ಪಟ್ಟು ಕೆಫೀನ್. ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ಪುಡಿ ಮಾಡಿಸುವಾಗ ಅಂಗಡಿಯವರನ್ನೇ ಕೇಳಿ, ಹೇಳುತ್ತಾರೆ.

ತಿಂಡಿ ಆದ ಮೇಲಿನ ಕಾಫಿ

ನಮ್ಮ ಮನೆಗಳಲ್ಲಿ ಯಾರೂ ಅಷ್ಟಾಗಿ ಯೋಚಿಸದ ಇನ್ನೊಂದು ವಿಷಯವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಇರುವುದು ಕಂಡುಬಂತು. ಕಾಫಿ, ಚಹಾದಲ್ಲಿರುವ ಒಗರಿನ ಅಂಶಗಳು ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ. ಇಡ್ಲಿ ತಿಂದು ಕೈ ತೊಳೆಯುತ್ತಿದ್ದಂತೆ ಕಾಫಿ, ಆ ಕಾಫಿಯ ಗುಟುಕಿನಲ್ಲೇ ಕಬ್ಬಿಣದ ಮಾತ್ರೆ! ದಿನಾ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರದಿದ್ದರೆ ಹೀಗೇನಾದರೂ ಆಗುತ್ತಿದೆಯಾ ನೋಡಿಕೊಳ್ಳಿ.

ಊಟ ತಿಂಡಿಗೆ ಒಂದು ಗಂಟೆ ಮೊದಲು ಅಥವಾ ಒಂದು ಗಂಟೆ ಆದ ಮೇಲೆ ಕಾಫಿ ಕುಡಿಯಿರಿ. ಕಬ್ಬಿಣದ ಮಾತ್ರೆಯನ್ನು ನೀರಿನಲ್ಲೋ ನಿಂಬೆ ಶರಬತ್ತಿನಲ್ಲೋ ತೆಗೆದುಕೊಳ್ಳಿ, ಹಾಲು ಮತ್ತು ಕ್ಯಾಲ್ಸಿಯಂ ಮಾತ್ರೆಯ ಜೊತೆ ಬೇಡ.

ಕಡಿಮೆ ಮಾಡುವುದು ಹೇಗೆ?

ನಾಲ್ಕೈದು ಲೋಟ ಕುಡಿಯುತ್ತಿದ್ದವರು ಇವತ್ತೇ ನಿಲ್ಲಿಸಿಬಿಡ್ತೀನಿ ಎಂದು ಹಟ ಹಿಡಿಯಬೇಡಿ. ಒಮ್ಮೆಲೇ ಬಿಟ್ಟರೆ ಒಂದೆರಡು ದಿನದಲ್ಲೇ ತಲೆನೋವು, ತೂಕಡಿಕೆ, ಸಿಡುಕು ಶುರುವಾಗುತ್ತದೆ. ಒಂದು ವಾರದವರೆಗೂ ಕಾಡಬಹುದು.

* ಮೊದಲು ಸಂಜೆಯ ಕಾಫಿ ಬಿಡಿ. ನಿದ್ದೆಯೂ ಸುಧಾರಿಸುತ್ತದೆ.

* ಮೂರ್ನಾಲ್ಕು ದಿನಕ್ಕೊಮ್ಮೆ ಅರ್ಧ ಲೋಟ ಕಡಿಮೆ ಮಾಡುತ್ತಾ ಬನ್ನಿ. ಹೋಟೆಲಿನ ಬೈ ಟೂ ಪದ್ಧತಿ ಮನೆಯಲ್ಲೂ ಇರಲಿ, ಯಜಮಾನರ ಜೊತೆ ಹಂಚಿಕೊಳ್ಳಿ.

* ಡಿಕಾಕ್ಷನ್ ಕಡಿಮೆ, ಹಾಲು ಜಾಸ್ತಿ ಮಾಡಿ. ಎರಡನೇ ಸಲ ಇಳಿಸಿದ ಡಿಕಾಕ್ಷನ್ನಿನಲ್ಲಿ ಕೆಫೀನ್ ಕಡಿಮೆ.

* ಖಾಲಿ ಹೊಟ್ಟೆಯಲ್ಲಿ ಕುಡಿದರೆ ವಾಂತಿ, ಎದೆಯುರಿ ಹೆಚ್ಚಾಗುವವರು ಎದ್ದ ತಕ್ಷಣ ಎರಡು ರಸ್ಕ್ ತಿಂದು, ಸ್ವಲ್ಪ ಹೊತ್ತು ಬಿಟ್ಟು ಕುಡಿಯಿರಿ.

* ಕೈಗೆ ಬಿಸಿ ಲೋಟ ಬೇಕೇ ಬೇಕು ಅನ್ನಿಸಿದಾಗ ತೆಳುವಾದ ಕೊತ್ತಂಬರಿ ಬೀಜ ಜೀರಿಗೆ ಕಷಾಯ, ಬಾದಾಮಿ ಹಾಲು ಅಥವಾ ರಾಗಿ ಗಂಜಿ ಮಾಡಿಕೊಳ್ಳಿ. ಸಕ್ಕರೆ ಅಂಶ ಹೆಚ್ಚಿರುವವರು ಬೆಲ್ಲ, ಸಕ್ಕರೆ ಹಾಕಬೇಡಿ. ಅಂಗಡಿಯ ಹರ್ಬಲ್ ಟೀ ಪೊಟ್ಟಣಗಳನ್ನು ವೈದ್ಯರನ್ನು ಕೇಳದೆ ಬಳಸಬೇಡಿ.

ಈ ತಲೆನೋವು ಬೇರೆ!

'ಕಾಫಿ ಬಿಟ್ಟಿದ್ದಕ್ಕೇ ತಲೆನೋವು' ಎಂದು ಎಲ್ಲ ತಲೆನೋವನ್ನೂ ತಳ್ಳಿಹಾಕುವಂತಿಲ್ಲ. ಐದು ತಿಂಗಳು ತುಂಬಿದ ಮೇಲೆ ಜೋರು ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಊದಿಕೊಳ್ಳುವುದು, ಪಕ್ಕೆಲುಬಿನ ಕೆಳಗೆ ನೋವು ಕಾಣಿಸಿದರೆ ಅದು ರಕ್ತದೊತ್ತಡ ಏರಿದ ಲಕ್ಷಣ ಇರಬಹುದು. ಇದು ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಒಂದು ಲೋಟ ಕಾಫಿ ಕುಡಿದು ನೋಡೋಣ, ಮಾತ್ರೆ ನುಂಗಿ ಮಲಗೋಣ ಅನ್ನಬೇಡಿ. ರಾತ್ರಿಯಾದರೂ ಸರಿ, ತಕ್ಷಣ ಆಸ್ಪತ್ರೆಗೆ ಹೋಗಿ ಬಿ.ಪಿ. ನೋಡಿಸಿ.

ಇನ್ನು ಮನೆಯವರಿಗೊಂದು ಮಾತು. ತಿಂಗಳು ತುಂಬುತ್ತಿರುವ ಹೆಣ್ಣುಮಗಳಿಗೆ ಮೊದಲೇ ನೂರೆಂಟು ಭಯ. ಅವಳ ಕೈಲಿರೋ ಲೋಟ ಕಿತ್ತುಕೊಂಡು ಇನ್ನೊಂದು ಭಯ ಸೇರಿಸಬೇಡಿ. ಅದೇ ರೀತಿ, 'ಒಂದು ಲೋಟ ಕುಡಿದ್ರೆ ಏನೂ ಆಗಲ್ಲ' ಎಂದು ದಿನಕ್ಕೆ ನಾಲ್ಕು ಸಲ ಒತ್ತಾಯಿಸಲೂ ಬೇಡಿ. ಬೇಕಾದರೆ ಅತ್ತೆಯೇ ಹದವಾಗಿ ಒಂದು ಸಣ್ಣ ಕಪ್ ಕಾಫಿ ಬೆರೆಸಿ ಕೊಡಲಿ. ಕದ್ದು ಮುಚ್ಚಿ ಗಟಗಟನೆ ಕುಡಿಯುವುದಕ್ಕಿಂತ, ಕೂತು ನಿಧಾನವಾಗಿ ಕುಡಿದ ಆ ಒಂದು ಕಪ್ಪಿನ ರುಚಿಯೇ ಬೇರೆ. ಏನಂತೀರಿ?