ಪಾಳಿ ಮುಗಿದರೂ ಮಲಗದ ಹೊಟ್ಟೆ

"ಹೊಟ್ಟಿ ಸರಿ ಇಲ್ರಿ ಡಾಕ್ಟರ್ ಸಾಹೇಬ್ರ, ಗ್ಯಾಸ್ ಬಾಳ ಆಗೇದ." ತೆಂಗಳಿ, ಸೇಡಂ, ಚಿತ್ತಾಪುರದ ಕಡೆಯ ದವಾಖಾನೆಗಳಲ್ಲಿ ಮಾತು ಹೀಗೇ ಶುರುವಾಗುತ್ತದೆ. ಗುಳಿಗೆ ತೊಗೊಂಡರೆ ನಾಲ್ಕು ದಿನ ಆರಾಮ, ಆಮೇಲೆ ಮತ್ತದೇ ಎದೆಯುರಿ, ಮತ್ತದೇ ಉಬ್ಬರ. ನಿದ್ದೆ ಹೆಂಗದ ಎಂದು ಯಾರಾದರೂ ಕೇಳಿದರೆ "ನಿದ್ದಿ ಎಲ್ಲೀದ್ರಿ" ಎಂಬ ಉತ್ತರ. ಇನ್ನೊಂದು ಗಳಿಗೆ ಕಾದರೆ, "ಜೀವಕ್ಕ ಸಮಾಧಾನನೇ ಇಲ್ಲ" ಎಂಬುದೂ ಹೊರಬೀಳುತ್ತದೆ. ಮೂರೂ ಬೇರೆ ಬೇರೆ ದೂರುಗಳಲ್ಲ.

ನಿದ್ದೆಯಿಂದಲೇ ಶುರು ಮಾಡೋಣ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ಕುಲುಮೆಯೊಳಗೆ ಸುಣ್ಣದಕಲ್ಲು ಸುಮಾರು 1,450 ಡಿಗ್ರಿಯಲ್ಲಿ ಬೇಯುತ್ತದೆ. ಅಂಥ ಬೆಂಕಿಯನ್ನು ಸಂಜೆ ಆರಿಸಿ ಮುಂಜಾನೆ ಹೊತ್ತಿಸಲು ಬರುವುದಿಲ್ಲ. ಹಾಗಾಗಿ ರಾತ್ರಿ ಪಾಳಿ. ಪಾಳಿ ಮುಗಿಸಿ ಬಂದವರು ಹಗಲು ಮಲಗಬೇಕು. ನಿದ್ದೆ ಹತ್ತಲು ಮೈಯ ಒಳಗಿನ ಬಿಸಿ ತುಸು ಇಳಿಯಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ, ಕಾದ ಶಹಾಬಾದ್ ಪರ್ಸಿ ಕಲ್ಲಿನ ಮಾಳಿಗೆಯ ಕೆಳಗೆ, ಅದು ಇಳಿಯುವುದಾದರೂ ಹೇಗೆ?

ಮಿದುಳಿನಲ್ಲಿರುವಂತೆ ಜಠರ, ಕರುಳು, ಯಕೃತ್ತುಗಳಲ್ಲೂ ಗಡಿಯಾರಗಳಿವೆ. ಮಿದುಳಿನದು ಬೆಳಕು ನೋಡಿ ನಡೆದರೆ, ಹೊಟ್ಟೆಯವು ಊಟದ ಹೊತ್ತು ನೋಡಿ ನಡೆಯುತ್ತವೆ. ನಡುರಾತ್ರಿ ಭಜಿ, ಚಹಾ ಇಳಿದಾಗ ಎರಡಕ್ಕೂ ತಾಳ ತಪ್ಪುತ್ತದೆ. ರಾತ್ರಿ ಜಠರ ನಿಧಾನವಾಗಿ ಖಾಲಿಯಾಗುತ್ತದೆ, ದೊಡ್ಡ ಕರುಳಂತೂ ಹೆಚ್ಚುಕಡಿಮೆ ಮಲಗಿರುತ್ತದೆ. ಉಂಡ ಕೂಡಲೇ ಅಡ್ಡಾದರೆ ಆಮ್ಲ ಅನ್ನನಾಳಕ್ಕೆ ಏರುತ್ತದೆ. ನಿದ್ದೆಯಲ್ಲಿ ಉಗುಳು ನುಂಗುವುದೂ ಕಡಿಮೆಯಾದ್ದರಿಂದ ಅದು ತೊಳೆದುಹೋಗದೆ ಅಲ್ಲೇ ಸುಡುತ್ತದೆ. ಎಚ್ಚರವಾಗುತ್ತದೆ. ನಿದ್ದೆಗೆಟ್ಟ ಮೈಯಲ್ಲಿ ನೋವಿನ ಅರಿವು ಹರಿತವಾಗುತ್ತದೆ, ನಿನ್ನೆ ತಡೆದುಕೊಂಡ ಉಬ್ಬರ ಇಂದು ತಡೆಯಲಾಗದು. ನಿದ್ರಾಹೀನತೆ ಬಹಳ ದಿನ ಉಳಿದವರಲ್ಲಿ ಖಿನ್ನತೆಯ ಅಪಾಯ ಸುಮಾರು ಎರಡು ಪಟ್ಟು.

ಹೊಟ್ಟೆಗೂ ಮನಸ್ಸಿಗೂ ನೇರ ನಂಟೂ ಇದೆ. ಕರುಳಿನ ಗೋಡೆಯಲ್ಲಿ ಹತ್ತು ಕೋಟಿಗೂ ಮಿಕ್ಕಿ ನರಕೋಶಗಳಿವೆ. ಅಲ್ಲಿಂದ ಮಿದುಳಿಗೆ ಹೋಗುವ ದೊಡ್ಡ ದಾರಿ ವೇಗಸ್ ನರ. ಅದರ ಎಳೆಗಳಲ್ಲಿ ಸುಮಾರು ನೂರಕ್ಕೆ ಎಂಬತ್ತು, ಹೊಟ್ಟೆಯ ಸುದ್ದಿಯನ್ನು ಮೇಲಕ್ಕೆ ಒಯ್ಯುವಂಥವು. ಮೈಯ ಸೆರೊಟೊನಿನ್‌ನಲ್ಲಿ ನೂರಕ್ಕೆ ತೊಂಬತ್ತರಷ್ಟು ತಯಾರಾಗುವುದೂ ಕರುಳಿನಲ್ಲೇ. ಆದರೆ ಇದನ್ನೇ ಹಿಡಿದು "ಹೊಟ್ಟೆಯ ಸಂತೋಷದ ರಸ ತಲೆಗೇರುತ್ತದೆ" ಎಂದು ಪುಡಿ, ಟಾನಿಕ್ ಮಾರುವವರ ಮಾತು ಸುಳ್ಳು. ಕರುಳಿನ ಸೆರೊಟೊನಿನ್ ರಕ್ತದ ಮೂಲಕ ಮಿದುಳಿನೊಳಗೆ ದಾಟಲಾರದು. ಅದು ಕರುಳಿನ ನರಗಳನ್ನು ತಟ್ಟಿ ಎಬ್ಬಿಸುತ್ತದೆ, ಕರುಳಿನ ಚಲನೆ ನಡೆಸುತ್ತದೆ.

ಮೊದಲು ಕೆಡುವುದು ಮನಸ್ಸೋ ಹೊಟ್ಟೆಯೋ? ಆಸ್ಟ್ರೇಲಿಯಾದ ಸಂಶೋಧಕರು ಒಂದು ಊರಿನ ಜನರನ್ನು 12 ವರ್ಷದ ಅಂತರದಲ್ಲಿ ನೋಡಿ 2012ರಲ್ಲಿ ವರದಿ ಮಾಡಿದರು: ಕೆಲವರಲ್ಲಿ ಆತಂಕ ಮೊದಲು, ಹೊಟ್ಟೆ ಆಮೇಲೆ, ಇನ್ನು ಕೆಲವರಲ್ಲಿ ಹೊಟ್ಟೆಯೇ ಮೊದಲು. ಹಾಗಾಗಿ ಹೊಟ್ಟೆನೋವಿಗೆ ಖಿನ್ನತೆಯ ಔಷಧಿಯನ್ನು ಸಣ್ಣ ಪ್ರಮಾಣದಲ್ಲಿ ಬರೆದುಕೊಟ್ಟರೆ "ನನಗೇನ್ ಹುಚ್ಚ ಹಿಡದದೇನ್ರಿ" ಎಂದು ಚೀಟಿ ಎಸೆಯಬೇಡಿ. ಅಂಥದೊಂದು ಔಷಧಿಯಾದ ಅಮಿಟ್ರಿಪ್ಟಿಲಿನ್ ಸಣ್ಣ ಪ್ರಮಾಣದಲ್ಲಿ ಕರುಳಿನ ತೊಂದರೆಗಳನ್ನು ತಗ್ಗಿಸುತ್ತದೆಂದು 2023ರ ಬ್ರಿಟನ್ನಿನ ದೊಡ್ಡ ಪ್ರಯೋಗ ತೋರಿಸಿದೆ.

ಜೋಳದ ರೊಟ್ಟಿ, ತೊಗರಿಬೇಳೆ ಬಿಡಬೇಕಿಲ್ಲ. ಅವುಗಳ ನಾರು ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳ ಆಹಾರ. ಬೇಳೆಯಿಂದ ತೀರಾ ಉಬ್ಬರವಾಗುವವರು ತುಸು ಕಡಿಮೆ ಉಣ್ಣಲಿ. ದೊಡ್ಡ ಊಟ ಪಾಳಿಗೆ ಮುಂಚೆ ಆಗಲಿ, ಮಲಗುವ ಎರಡು ಮೂರು ತಾಸು ಮೊದಲೇ ಉಣ್ಣುವುದು ಮುಗಿಯಲಿ, ಪಾಳಿಯ ಕೊನೆಯ ತಾಸುಗಳಲ್ಲಿ ಚಹಾ ಬೇಡ.

ಮಲ ಕಪ್ಪಗಾದರೆ, ರಕ್ತ ಕಂಡರೆ, ತೂಕ ಇಳಿದರೆ, ನುಂಗಲು ಕಷ್ಟವಾದರೆ ತಡಮಾಡದೆ ದೊಡ್ಡ ದವಾಖಾನೆಗೆ ಹೋಗಿ. ಮುಂದಿನ ಸಲ ಗ್ಯಾಸ್ ಎಂದು ಡಾಕ್ಟರರ ಮುಂದೆ ಕೂತಾಗ ನಿದ್ದೆಯ ಮಾತನ್ನೂ ಮನಸ್ಸಿನ ಮಾತನ್ನೂ ಅವರು ಕೇಳುವ ಮೊದಲೇ ಹೇಳಿ. ಎದುರಿಗೆ ಹೇಳಲು ಬಾಯಿ ಬಾರದಿದ್ದರೆ ಟೆಲಿ ಮಾನಸ್‌ಗೆ ಫೋನ್ ಹಚ್ಚಿ: 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿ ಪಾಳಿಯ ಹೊತ್ತಿನಲ್ಲೂ ಎತ್ತುತ್ತಾರೆ.