ಜಲಚಕ್ರದ ವಿನ್ಯಾಸದಲ್ಲಿ ಗಣಕಯಂತ್ರ

ಎತ್ತರದಿಂದ ಧುಮುಕುವ ನೀರು ಟರ್ಬೈನಿನ ಚಕ್ರವನ್ನು ತಿರುಗಿಸಿದಾಗ ವಿದ್ಯುತ್ತು ಉತ್ಪತ್ತಿಯಾಗುವುದು ಸರ್ವವಿದಿತ. ಆದರೆ ನೀರಿನ ಶಕ್ತಿಯಲ್ಲಿ ಎಷ್ಟು ಪಾಲು ಚಕ್ರಕ್ಕೆ ದಕ್ಕುತ್ತದೆ, ಎಷ್ಟು ಪಾಲು ಸುಳಿಗಳಲ್ಲಿ ವ್ಯರ್ಥವಾಗುತ್ತದೆ ಎಂಬುದು ಬಹುಮಟ್ಟಿಗೆ ಚಕ್ರದ ಅಲಗುಗಳ ಆಕಾರವನ್ನು ಅವಲಂಬಿಸಿದೆ. ಉಕ್ಕಿನ ಕವಚದೊಳಗೆ ನಡೆಯುವ ಈ ವ್ಯವಹಾರ ಕಣ್ಣಿಗೆ ಕಾಣದು.

19ನೆಯ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದ ಲೋವೆಲ್ ನಗರದಲ್ಲಿ ಜೇಮ್ಸ್ ಫ್ರಾನ್ಸಿಸ್ ಅವರು ತಮ್ಮ ಹೆಸರಿನ ಟರ್ಬೈನನ್ನು ರೂಪಿಸಿದ್ದು ಪ್ರಯೋಗ ಮತ್ತು ಲೆಕ್ಕಾಚಾರಗಳ ಬಲದಿಂದ. ಅನಂತರವೂ ದೀರ್ಘಕಾಲ, ಅಲಗಿನ ಬಾಗನ್ನು ತುಸು ಬದಲಿಸಿದರೆ ಹೊಸ ಮಾದರಿಯನ್ನೇ ತಯಾರಿಸಿ ಪರೀಕ್ಷಿಸಬೇಕಾಗಿತ್ತು. ಇದು ಕಾಲ, ಹಣ ಎರಡನ್ನೂ ಬೇಡುವ ಕೆಲಸ.

ಈಗ ನೀರಿನ ಹಾದಿಯನ್ನು ಗಣಕಯಂತ್ರದಲ್ಲಿ ಲಕ್ಷಾಂತರ ಸಣ್ಣ ಕೋಶಗಳಾಗಿ ವಿಂಗಡಿಸಿ, ನೇವಿಯರ್-ಸ್ಟೋಕ್ಸ್ ಸಮೀಕರಣಗಳ ನೆರವಿನಿಂದ ಪ್ರತಿಯೊಂದು ಕೋಶದ ಒತ್ತಡ ಮತ್ತು ವೇಗಗಳನ್ನು ಗಣಿಸುತ್ತಾರೆ. ಒತ್ತಡ ತೀರ ಕುಸಿದ ಕಡೆ ತಣ್ಣೀರೂ ಆವಿಗುಳ್ಳೆಗಳಾಗುತ್ತದೆ. ಆ ಗುಳ್ಳೆಗಳು ಒಡೆಯುವ ಪೆಟ್ಟಿಗೆ ಉಕ್ಕಿನಲ್ಲಿ ಗುಳಿ ಬೀಳುತ್ತವೆ. ಅಂತಹ ಸ್ಥಳವನ್ನು ಎರಕ ಹೊಯ್ಯುವ ಮೊದಲೇ ಗುರುತಿಸಬಹುದು. ಬಳಿಕ ಅಲಗಿನ ಕೋನ, ದಪ್ಪಗಳನ್ನು ಸ್ವಲ್ಪಸ್ವಲ್ಪವೇ ಬದಲಿಸುತ್ತ ನೂರಾರು ಆಕಾರಗಳನ್ನು ಹೋಲಿಸಿ ಉತ್ತಮವಾದುದನ್ನು ಆರಿಸಲಾಗುತ್ತದೆ.

ಆದರೆ ‘ಉತ್ತಮ’ ಎಂದರೆ ಯಾವುದು? ಹಿಮಾಚಲ ಪ್ರದೇಶದಲ್ಲಿ ಸಟ್ಲೆಜ್ ನದಿಯ ನಾಥ್ಪಾ ಝಾಕ್ರಿ ಸ್ಥಾವರದಲ್ಲಿ ತಲಾ 250 ಮೆಗಾವಾಟ್ ಸಾಮರ್ಥ್ಯದ 6 ಫ್ರಾನ್ಸಿಸ್ ಟರ್ಬೈನುಗಳಿವೆ. ಮಳೆಗಾಲದಲ್ಲಿ ಈ ನದಿ ಬೆಣಚುಕಲ್ಲಿನ ಹರಳುಗಳನ್ನು ಹೊತ್ತು ತರುತ್ತದೆ. ಅವು ಟರ್ಬೈನಿನ ಉಕ್ಕಿಗಿಂತ ಗಟ್ಟಿ. ಹೂಳು ತಡೆಯುವ ಕೋಣೆಗಳು ದಪ್ಪ ಕಣಗಳನ್ನು ಹಿಡಿದರೂ ನುಣುಪಾದವು ನುಸುಳಿ ಹೋಗುತ್ತವೆ. ಹೂಳು ಮಿತಿ ಮೀರಿದಾಗ ಸ್ಥಾವರವನ್ನೇ ನಿಲ್ಲಿಸಬೇಕಾಗುತ್ತದೆ. ನೀರಿನ ವೇಗ ಇಮ್ಮಡಿಯಾದರೆ ಸವೆತ ಸುಮಾರು ಎಂಟು ಪಟ್ಟಾಗುತ್ತದೆ. ತಿಳಿನೀರಿನಲ್ಲಿ ಗರಿಷ್ಠ ದಕ್ಷತೆ ತೋರುವ ತೆಳುವಾದ ಅಲಗು ಇಂತಹ ನದಿಯಲ್ಲಿ ಬೇಗನೆ ಸವೆದು, ಗಳಿಸಿದ ದಕ್ಷತೆಯನ್ನೂ ಕಳೆದುಕೊಳ್ಳುತ್ತದೆ. ಆದುದರಿಂದ ಆರಂಭದ ದಕ್ಷತೆಯಲ್ಲಿ ತುಸು ಬಿಟ್ಟುಕೊಟ್ಟು, ಅಲಗನ್ನು ದಪ್ಪಗೊಳಿಸಿ, ವೇಗವನ್ನು ತಗ್ಗಿಸಿ, ಮೇಲೆ ಟಂಗ್‌ಸ್ಟನ್ ಕಾರ್ಬೈಡಿನ ಲೇಪ ಕೊಡುವುದು ಜಾಣತನ. ಯಾವುದನ್ನು ಎಷ್ಟು ಬಿಟ್ಟುಕೊಡಬೇಕೆಂಬುದನ್ನು ಯಂತ್ರ ತಾನಾಗಿ ಅರಿಯದು. ನದಿಯನ್ನು ಬಲ್ಲ ಇಂಜಿನಿಯರರೇ ಅದಕ್ಕೆ ಹೇಳಬೇಕು.

ಗಣನೆಗೂ ಮಿತಿಯುಂಟು. ಚಕ್ರದ ಕೆಳಗಿನ ನಿರ್ಗಮ ಕೊಳವೆಯಲ್ಲಿ, ಟರ್ಬೈನು ಕಡಿಮೆ ಹೊರೆಯಲ್ಲಿ ಓಡುವಾಗ, ಹಗ್ಗದಂತೆ ತಿರುಚಿಕೊಳ್ಳುವ ಸುಳಿ ಇಡೀ ಯಂತ್ರವನ್ನು ನಡುಗಿಸಬಲ್ಲದು. ಅದನ್ನು ನಿಖರವಾಗಿ ಗಣಿಸುವುದು ಇಂದಿಗೂ ಕಷ್ಟ. ಹೀಗಾಗಿ ದೊಡ್ಡ ಟರ್ಬೈನುಗಳ ವಿಷಯದಲ್ಲಿ ತಯಾರಕರು ನೀಡುವ ದಕ್ಷತೆಯ ಭರವಸೆಯನ್ನು ಈಗಲೂ ಸಾಮಾನ್ಯವಾಗಿ ಪ್ರಯೋಗಾಲಯದಲ್ಲಿ, ಚಿಕ್ಕ ಮಾದರಿಯ ಮೇಲೆ ನಿಜವಾದ ನೀರನ್ನೇ ಹರಿಸಿ ಪರೀಕ್ಷಿಸಲಾಗುತ್ತದೆ.